ಶಿವಮೊಗ್ಗದ ಲೈಸೆನ್ಸ್, ಹೊರದೇಶದ ಹೈವೇ: ಹೊರಡುವ ಮುಂಚೆ ಏನು ಕಲಿಯಬೇಕು, ಹೋದ ಮೇಲೆ ಏನು ಬಿಡಬೇಕು

ಜುಲೈ, ಆಗಸ್ಟ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ತೀರ್ಥಹಳ್ಳಿಯಿಂದ ಒಬ್ಬರು, ಸಾಗರದಿಂದ ಒಬ್ಬರು, ಭದ್ರಾವತಿಯಿಂದ ಇನ್ನೊಬ್ಬರು. ಮಗಳು ಜರ್ಮನಿಗೆ ಓದಲು ಹೋಗುತ್ತಿದ್ದಾಳೆ, ಮಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ, ತಮ್ಮ ದುಬೈಗೆ ಹೊರಟಿದ್ದಾನೆ. ಇಲ್ಲಿಯ ಲೈಸೆನ್ಸ್ ಅಲ್ಲಿ ನಡೆಯುತ್ತಾ? ಅಲ್ಲಿಯ ಹೈವೇ ಮೇಲೆ ಓಡಿಸುವುದು ಕಷ್ಟಾನಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಗಾಡಿ ಓಡಿಸುವುದು ಕಷ್ಟವಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಇಳಿಸಿದವರಿಗೆ ಸ್ಟೀರಿಂಗ್, ಕ್ಲಚ್, ಬ್ರೇಕ್ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು ನೋಡುವುದರಲ್ಲಿ. ನಮ್ಮ ರಸ್ತೆಯಲ್ಲಿ ಕಣ್ಣು ಮುಂದೆ ಇರುತ್ತದೆ, ಹಿಂದಿನ ಕೆಲಸವನ್ನು ಕಿವಿಗೆ ಬಿಟ್ಟಿರುತ್ತೇವೆ. ಯಾರಾದರೂ ಬಂದರೆ ಹಾರ್ನ್ ಮಾಡುತ್ತಾರೆ, ಆಗ ಸರಿದರಾಯಿತು ಅಂತ. ಅಲ್ಲಿ ಹಾರ್ನ್ ಬರುವುದಿಲ್ಲ. ಬಂದರೆ ಅಪಾಯ ಆಗಲೇ ಆಗುತ್ತಿದೆ ಅಂತ ಅರ್ಥ. ಹಿಂದೆ ಯಾರಿದ್ದಾರೆ, ಎಷ್ಟು ವೇಗದಲ್ಲಿದ್ದಾರೆ ಅನ್ನುವುದನ್ನು ನೀವೇ ಕನ್ನಡಿಯಲ್ಲಿ ನೋಡಿಕೊಂಡಿರಬೇಕು. ಕಿವಿಯಿಂದ ಕಣ್ಣಿಗೆ ಬದಲಾಗುವ ಈ ಅಭ್ಯಾಸಕ್ಕೆ ಎರಡು ತಿಂಗಳು ಬೇಕು. ಅದನ್ನು ಹೋದ ಮೇಲೆ ಶುರು ಮಾಡಬೇಡಿ, ಇಲ್ಲೇ ಶುರು ಮಾಡಿ.

ಬೇಕಾದದ್ದು ಇಷ್ಟೇ: ಚಾಲ್ತಿಯಲ್ಲಿರುವ ಕಾರಿನ ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ, ಅಭ್ಯಾಸಕ್ಕೆ ಒಂದು ಕಾರು, ಪಕ್ಕದಲ್ಲಿ ಕೂರಲು ನಿಧಾನ ಸ್ವಭಾವದ ಒಬ್ಬರು.

ಹಂತ 1: ಊರಲ್ಲಿ ಇರುವಾಗಲೇ ಕಾಗದಪತ್ರ ಸರಿಮಾಡಿಕೊಳ್ಳಿ

ಮೊದಲು ಲೈಸೆನ್ಸ್ ಮೇಲಿನ ಹೆಸರು ನೋಡಿ. ನಮ್ಮ ಕಡೆ ಇನಿಷಿಯಲ್ ಹಾಕುವ ರೂಢಿ. ಲೈಸೆನ್ಸ್‌ನಲ್ಲಿ ಹೆಸರಿನ ಜೊತೆ ಎರಡು ಅಕ್ಷರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಊರಿನ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಹೊರದೇಶದ ಕೌಂಟರ್‌ನಲ್ಲಿ ಕೂತವರಿಗೆ ಇವರಿಬ್ಬರೂ ಒಬ್ಬರೇ ಅಂತ ಗೊತ್ತಾಗುವುದಿಲ್ಲ. ಎರಡೂ ಒಂದೇ ಆಗಿರುವ ಹಾಗೆ ಆರ್‌ಟಿಓ ಕಚೇರಿಯಲ್ಲಿ ತಿದ್ದಿಸಿಕೊಳ್ಳಿ.

ಆಮೇಲೆ ಅವಧಿ. ಲೈಸೆನ್ಸ್ ಮುಗಿಯುವ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ನೀವು ಹೊರಗೆ ಇರುವಾಗ ಅದು ಮುಗಿಯುವುದಾದರೆ ಈಗಲೇ ಮಾಡಿಸಿ.

ಮೂರನೆಯದು ಐಡಿಪಿ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಹೆಸರು ದೊಡ್ಡದಾಗಿದೆ ಅಂತ ಇದನ್ನು ಬೇರೆಯೇ ಲೈಸೆನ್ಸ್ ಅಂದುಕೊಳ್ಳುವವರು ಬಹಳ ಜನ. ಹಾಗಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಏನಿದೆ ಅನ್ನುವುದನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳುವ ಸಣ್ಣ ಪುಸ್ತಕ ಅದು. ಮೂಲ ಲೈಸೆನ್ಸ್ ಜೊತೆ ಇದ್ದರೆ ಮಾತ್ರ ಅದಕ್ಕೆ ಬೆಲೆ. 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮ ಸರ್ಕಾರ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಲೈಸೆನ್ಸ್ ಕೆಲಸಗಳಿಗೆ ಇರುವ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಓದಲ್ಲಿ ಪಡೆಯಬೇಕು. ಕೇಂದ್ರದ ನಿಯಮದಲ್ಲಿ ಶುಲ್ಕ 1,000 ರೂಪಾಯಿ. ಆನ್‌ಲೈನ್‌ನಲ್ಲಿ ಹಣ ಕಟ್ಟಿದರೆ ಐಡಿಪಿ ಮನೆಗೆ ಕಳಿಸುತ್ತೇವೆ ಅನ್ನುವ ಖಾಸಗಿ ಜಾಹೀರಾತುಗಳನ್ನು ನಂಬಬೇಡಿ. ಅದು ಸರ್ಕಾರದ ಕಾಗದವಲ್ಲ, ಪೊಲೀಸರು ಕೇಳಿದಾಗ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಕಾರ್ಡನ್ನು ಮನೆಯಲ್ಲಿ ಬಿಟ್ಟು, ಮೊಬೈಲ್‌ನಲ್ಲಿ ಡಿಜಿಲಾಕರ್ ಇದೆಯಲ್ಲ ಅಂತ ಹೊರಡುತ್ತಾರೆ. ಅದು ಇಲ್ಲಿ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಕಾರ್ಡ್ ಜೇಬಿನಲ್ಲಿರಲಿ.

ಹಂತ 2: ನಿಮ್ಮ ದೇಶದಲ್ಲಿ ನಮ್ಮ ಲೈಸೆನ್ಸ್ ಎಷ್ಟು ದಿನ ನಡೆಯುತ್ತದೆ ತಿಳಿದುಕೊಳ್ಳಿ

ಇದು ದೇಶಕ್ಕೊಂದು ಥರ. ಪ್ರವಾಸಿಗೆ ಒಂದು ನಿಯಮ, ಅಲ್ಲೇ ನೆಲೆಸಿದವರಿಗೆ ಇನ್ನೊಂದು.

ಬ್ರಿಟನ್‌ನಲ್ಲಿ ನೀವು ವಾಸಕ್ಕೆ ಹೋದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸ್‌ನಲ್ಲೇ ಕಾರು ಓಡಿಸಬಹುದು. ಆಮೇಲೆ ಅಲ್ಲಿಯ ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡೂ ಪಾಸಾಗಬೇಕು. ಜರ್ಮನಿಯಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ಮಾತ್ರ, ಅದೂ ಲೈಸೆನ್ಸ್‌ನ ಜರ್ಮನ್ ಅನುವಾದದ ಜೊತೆ. ಆರು ತಿಂಗಳ ಮೇಲೆ ಒಂದು ದಿನ ಓಡಿಸಿದರೂ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ, ಅಲ್ಲಿ ಅದು ಬರೀ ದಂಡದ ವಿಷಯವಲ್ಲ, ಅಪರಾಧ. ವೀಸಾದ ಮೇಲೆ ಓದುತ್ತಿರುವ ಮಕ್ಕಳು ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 10 ದಿನದೊಳಗೆ ಅಲ್ಲಿಯ ಲೈಸೆನ್ಸ್‌ಗೆ ಹೋಗಬೇಕು. ಪಕ್ಕದ ಕೆನಡಾದ ಒಂಟಾರಿಯೋದಲ್ಲಿ 60 ದಿನ. ಹಾಗಾಗಿ ಅಮೆರಿಕದಲ್ಲಿ ಹೇಗೆ ಅಂತ ಯಾರನ್ನೂ ಕೇಳಬೇಡಿ, ನಿಮ್ಮ ರಾಜ್ಯದ ಹೆಸರು ಹಿಡಿದು ಆ ರಾಜ್ಯದ ಸಾರಿಗೆ ಇಲಾಖೆಯ ಪುಟದಲ್ಲೇ ನೋಡಿ. ಯುಎಇಯಲ್ಲಿ ನಿವಾಸಿ ವೀಸಾ ಬಂದ ಮೇಲೆ ಅಲ್ಲಿಯ ಲೈಸೆನ್ಸ್ ಬೇಕೇ ಬೇಕು, ನಮ್ಮವರಿಗೆ ಪರೀಕ್ಷೆ ತಪ್ಪುವುದಿಲ್ಲ.

ಹಂತ 3: ಅಲ್ಲಿಯವರು ಏನು ಕಲಿತು ರಸ್ತೆಗೆ ಬಂದಿದ್ದಾರೆ ಅರ್ಥಮಾಡಿಕೊಳ್ಳಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ನಿಮ್ಮ ಪಕ್ಕದ ಲೇನ್‌ನಲ್ಲಿ ಹೋಗುವವರು ನಿಮ್ಮಿಂದ ಏನು ನಿರೀಕ್ಷೆ ಮಾಡುತ್ತಾರೆ ಅನ್ನುವುದು ಅವರು ಕಲಿತ ರೀತಿಯಲ್ಲಿದೆ.

ನಮ್ಮದನ್ನು ಮೊದಲು ನೋಡೋಣ. ನಿಯಮದಲ್ಲಿ ನಮ್ಮ ಡ್ರೈವಿಂಗ್ ಸ್ಕೂಲ್ ಕನಿಷ್ಠ 21 ದಿನ ಕಲಿಸಬೇಕು, ಕನಿಷ್ಠ 10 ಗಂಟೆ ಗಾಡಿ ಓಡಿಸಲು ಕೊಡಬೇಕು. ನಡೆಯುವುದು ಹೇಗೆ ನಿಮಗೂ ಗೊತ್ತು. ನಾನು ಕಲಿತ ಸ್ಕೂಲಿನಲ್ಲಿ ಕೊನೆಯ ದಿನದವರೆಗೂ ನಾಲ್ಕನೇ ಗೇರ್ ಹಾಕಿರಲಿಲ್ಲ, ರಾತ್ರಿ ಒಂದು ಸಲವೂ ಓಡಿಸಿರಲಿಲ್ಲ. ಟೆಸ್ಟ್‌ನಲ್ಲಿ ಟ್ರ್ಯಾಕ್ ಮೇಲೆ ಮುಂದೆ ಹಿಂದೆ ಓಡಿಸಿ ತೋರಿಸಿದೆ, ಲೈಸೆನ್ಸ್ ಬಂತು. ಅಂದರೆ ಗಾಡಿಯನ್ನು ಚಲಿಸಲು ಕಲಿತೆ, ರಸ್ತೆಯನ್ನು ಓದಲು ಕಲಿಯಲಿಲ್ಲ. 2021ರಲ್ಲಿ ಬಂದ ನಿಯಮದಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಕಾರಿನ ಕೋರ್ಸ್ 29 ಗಂಟೆ ಅಂತ ಇಟ್ಟಿದ್ದಾರೆ. ಅದರಲ್ಲಿ 21 ಗಂಟೆ ಓಡಿಸುವುದು, ಹೆದ್ದಾರಿ, ಏರು, ಇಳಿಜಾರು ಎಲ್ಲವೂ ಸೇರಿದೆ. ಅಂಥ ಕಡೆ ಕಲಿಯುವ ಅವಕಾಶ ಇದ್ದರೆ ಖಂಡಿತ ಅಲ್ಲೇ ಕಲಿಯಿರಿ.

ಈಗ ಜರ್ಮನಿ. ಅಲ್ಲಿ ಕಾರಿಗೆ 90 ನಿಮಿಷದ 14 ಪಾಠಗಳು ತರಗತಿಯಲ್ಲೇ. ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ. ಇದರ ಮೇಲೆ 45 ನಿಮಿಷದ 12 ವಿಶೇಷ ಓಟಗಳು: 5 ಊರಾಚೆ ರಸ್ತೆಯಲ್ಲಿ, 4 ಆಟೋಬಾನ್ ಅಂದರೆ ಅವರ ಹೈವೇಯಲ್ಲಿ, 3 ಕತ್ತಲಲ್ಲಿ. ಅಂದರೆ ಅಲ್ಲಿ ಹೈವೇಯಲ್ಲೂ ರಾತ್ರಿಯಲ್ಲೂ ಓಡಿಸದೆ ಯಾರಿಗೂ ಲೈಸೆನ್ಸ್ ಸಿಗುವುದಿಲ್ಲ. ರಸ್ತೆ ಪರೀಕ್ಷೆಯೇ ಸುಮಾರು 55 ನಿಮಿಷ. ನಮ್ಮ ಲೈಸೆನ್ಸ್ ಇದ್ದವರಿಗೆ ಈ ಕಡ್ಡಾಯ ಪಾಠಗಳಿಂದ ವಿನಾಯಿತಿ ಇದೆ, ಪರೀಕ್ಷೆಗಳಿಂದ ಇಲ್ಲ. ಲಿಖಿತ ಪರೀಕ್ಷೆ ಇಂಗ್ಲಿಷ್‌ನಲ್ಲಿ ಬರೆಯಬಹುದು, ರಸ್ತೆ ಪರೀಕ್ಷೆ ಮಾತ್ರ ಜರ್ಮನ್‌ನಲ್ಲೇ. ಎಡಕ್ಕೆ, ಬಲಕ್ಕೆ, ಮುಂದಿನ ತಿರುವು, ನಿಲ್ಲಿಸಿ, ಇಷ್ಟು ಪದಗಳನ್ನಾದರೂ ವಿಮಾನ ಹತ್ತುವ ಮುಂಚೆ ಬಾಯಿಪಾಠ ಮಾಡಿ.

ಬ್ರಿಟನ್‌ನಲ್ಲಿ ಲಿಖಿತ ಪರೀಕ್ಷೆಯ 50 ಪ್ರಶ್ನೆಗೆ 43 ಸರಿ ಇರಬೇಕು. ಅದರ ಜೊತೆ ಹಜಾರ್ಡ್ ಪರ್ಸೆಪ್ಷನ್ ಅಂತ ಒಂದು ಭಾಗ ಇದೆ. ಹಜಾರ್ಡ್ ಅಂದರೆ ಇನ್ನೂ ಆಗಿಲ್ಲದ, ಆದರೆ ಈಗ ಆಗಬಹುದಾದ ಅಪಾಯ. ರಸ್ತೆಯ 14 ವಿಡಿಯೋ ತೋರಿಸುತ್ತಾರೆ, ಅಪಾಯ ಹುಟ್ಟುತ್ತಿರುವಾಗಲೇ ಮೌಸ್ ಒತ್ತಬೇಕು. ಎಷ್ಟು ಬೇಗ ಕಂಡಿರೋ ಅಷ್ಟು ಅಂಕ, 75ಕ್ಕೆ 44 ಬೇಕು. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾಕೆಂದರೆ ಇಲ್ಲಿ ಕೈಕಾಲಿಗೆ ಅಂಕ ಇಲ್ಲ, ಕಣ್ಣಿಗೆ ಮಾತ್ರ. ಕುತೂಹಲದ ವಿಷಯ ಅಂದರೆ, 2018ರ ಜೂನ್‌ವರೆಗೆ ಬ್ರಿಟನ್‌ನಲ್ಲಿ ಕಲಿಯುವವರು ಮೋಟರ್‌ವೇಗೆ, ಅಂದರೆ ಅವರ ದೊಡ್ಡ ಹೈವೇಗೆ, ಕಾಲಿಡುವ ಹಾಗೇ ಇರಲಿಲ್ಲ. ಈಗ ಎರಡು ಕಡೆ ಬ್ರೇಕ್ ಇರುವ ಕಾರಿನಲ್ಲಿ ಮಾನ್ಯತೆ ಪಡೆದ ಶಿಕ್ಷಕರ ಜೊತೆ ಹೋಗಬಹುದು.

ಸ್ವೀಡನ್, ಫಿನ್ಲೆಂಡ್ ಕಡೆ ಜಾರುವ ನೆಲದ ಮೇಲೆ ಓಡಿಸುವ ಅನುಭವ ತರಬೇತಿಯ ಭಾಗ. ಬೇಕೆಂದೇ ಕಾರನ್ನು ಜಾರಿಸಿ, ಎಷ್ಟು ವೇಗಕ್ಕೆ ಹಿಡಿತ ತಪ್ಪುತ್ತದೆ ಅಂತ ತೋರಿಸುತ್ತಾರೆ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆ, ಪಾಚಿ, ಕೊಳೆತ ಎಲೆ ಇರುವ ನಮ್ಮ ಮಲೆನಾಡಿನಲ್ಲಿ ಇಂಥದ್ದು ಇರಲೇಬೇಕಿತ್ತು ಅಂತ ನನಗೆ ಪ್ರತಿ ಮಳೆಗಾಲದಲ್ಲೂ ಅನ್ನಿಸುತ್ತದೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 25 ವರ್ಷದೊಳಗಿನವರು 120 ಗಂಟೆ ಓಡಿಸಿ ಪುಸ್ತಕದಲ್ಲಿ ಬರೆದಿಡಬೇಕು, ಅದರಲ್ಲಿ 20 ಗಂಟೆ ರಾತ್ರಿಯದು. ಈ ಪುಸ್ತಕದ ಉಪಾಯವನ್ನು ನೀವು ಕದಿಯಬಹುದು. ಅದೇ ಮುಂದಿನ ಹಂತ.

ಹಂತ 4: ಹೊರಡುವ ಮುಂಚೆ ಇಲ್ಲೇ 30 ಗಂಟೆ ಅಭ್ಯಾಸ

ಒಂದು ನೋಟ್‌ಬುಕ್ ಇಡಿ. ದಿನಾಂಕ, ರಸ್ತೆ, ಹಗಲೋ ರಾತ್ರಿಯೋ, ಮಳೆ ಇತ್ತಾ, ಎಷ್ಟು ಹೊತ್ತು, ಯಾವುದು ಸರಿಯಾಗಲಿಲ್ಲ, ಇಷ್ಟು ಬರೆಯಿರಿ. 30 ಗಂಟೆ ನಾನು ಹೇಳುವ ಲೆಕ್ಕ, ಯಾವ ಕಾನೂನಿನದ್ದೂ ಅಲ್ಲ. ಅದರಲ್ಲಿ ಆರು ಗಂಟೆಯಾದರೂ ಕತ್ತಲಾದ ಮೇಲೆ ಇರಲಿ.

ಮೊದಲ ಹತ್ತು ಗಂಟೆ ಶಿವಮೊಗ್ಗ–ಸಾಗರ ರಸ್ತೆ ಒಳ್ಳೆಯದು. ಆಯನೂರು, ಕುಂಸಿ, ಆನಂದಪುರ, ಊರು ಬರುತ್ತದೆ, ಕಾಡು ಬರುತ್ತದೆ, ವೇಗ ಏರಿಸಬೇಕು, ಇಳಿಸಬೇಕು. ಇಲ್ಲಿ ಒಂದೇ ಕೆಲಸ: ಎಂಟು ಹತ್ತು ಸೆಕೆಂಡಿಗೆ ಒಂದು ಸಲ ಒಳಗನ್ನಡಿ ನೋಡುವುದು. ಪಕ್ಕದಲ್ಲಿ ಕೂತವರು ಇದ್ದಕ್ಕಿದ್ದ ಹಾಗೆ ಕೇಳಬೇಕು, ಹಿಂದೆ ಏನಿದೆ? ನೀವು ಕನ್ನಡಿ ನೋಡದೆ ಉತ್ತರ ಹೇಳಬೇಕು. ಬಿಳಿ ಕಾರು, ಸ್ವಲ್ಪ ದೂರ. ಅಥವಾ ಬಸ್, ತುಂಬಾ ಹತ್ತಿರ. ಮೊದಲ ದಿನ ಹತ್ತಕ್ಕೆ ಮೂರು ಸರಿ ಹೇಳಿದರೆ ಹೆಚ್ಚು. ಎರಡು ವಾರದಲ್ಲಿ ಒಂಬತ್ತಕ್ಕೆ ಬರುತ್ತೀರಿ.

ಆಮೇಲೆ ಭುಜದ ನೋಟ. ಕನ್ನಡಿಗೆ ಕಾಣದ ಒಂದು ಜಾಗ ಕಾರಿನ ಎರಡೂ ಪಕ್ಕದಲ್ಲಿ ಇರುತ್ತದೆ, ಅದನ್ನು ಬ್ಲೈಂಡ್ ಸ್ಪಾಟ್ ಅನ್ನುತ್ತಾರೆ. ಒಂದು ಇಡೀ ಬೈಕ್ ಅದರಲ್ಲಿ ಮುಚ್ಚಿಹೋಗುತ್ತದೆ. ಲೇನ್ ಬದಲಿಸುವ ಮುಂಚೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕತ್ತು ತಿರುಗಿಸಿ ಭುಜದ ಮೇಲಿಂದ ಒಂದು ಕ್ಷಣ ನೋಡಿ, ಆಮೇಲೆ ಸರಿಯಿರಿ. ಜರ್ಮನಿಯ ಪರೀಕ್ಷೆಯಲ್ಲಿ ಕತ್ತು ತಿರುಗಿಸದೆ ಫೇಲಾದವರು ನಮ್ಮವರಲ್ಲಿ ಬಹಳ. ಕಣ್ಣಿನಿಂದ ಓರೆಯಾಗಿ ನೋಡಿದೆ ಅಂದರೆ ಪರೀಕ್ಷಕರಿಗೆ ಅದು ಕಾಣುವುದಿಲ್ಲ.

ಮೂರನೆಯದು ಅಂತರ. ಮುಂದಿನ ಗಾಡಿ ಒಂದು ಕಂಬ ಅಥವಾ ಮರ ದಾಟಿದ ಕೂಡಲೇ ಸಾವಿರದ ಒಂದು, ಸಾವಿರದ ಎರಡು ಅಂತ ಎಣಿಸಿ. ಎಣಿಸಿ ಮುಗಿಯುವ ಮುಂಚೆ ನೀವು ಅಲ್ಲಿಗೆ ಬಂದರೆ ತುಂಬಾ ಹತ್ತಿರ ಇದ್ದೀರಿ. ಇದೇ ಬ್ರಿಟನ್‌ನ ಎರಡು ಸೆಕೆಂಡ್ ನಿಯಮ, ಮಳೆಯಲ್ಲಿ ಇದರ ಎರಡರಷ್ಟು. ಜರ್ಮನಿಯವರು ಬೇರೆ ಲೆಕ್ಕ ಹೇಳಿಕೊಡುತ್ತಾರೆ: ಸ್ಪೀಡೋಮೀಟರ್‌ನ ಅರ್ಧದಷ್ಟು ಮೀಟರ್. 100ರಲ್ಲಿದ್ದರೆ 50 ಮೀಟರ್ ಅಂತರ. ಯಾಕೆ ಇಷ್ಟು? 100 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದಿನವನ ಬ್ರೇಕ್ ದೀಪ ಕಂಡು, ನಿಮ್ಮ ಕಾಲು ಬ್ರೇಕ್ ಮೇಲೆ ಬರುವಷ್ಟರಲ್ಲಿ ಆ ಒಂದು ಸೆಕೆಂಡ್ ಕಳೆದಿರುತ್ತದೆ.

ಅಂತರ ಬಿಟ್ಟರೆ ಮಧ್ಯೆ ಯಾರಾದರೂ ತೂರುತ್ತಾರಲ್ಲ ಅಂತ ಎಲ್ಲರೂ ಕೇಳುತ್ತೀರಿ. ತೂರಲಿ ಬಿಡಿ, ಮತ್ತೆ ಹಿಂದೆ ಸರಿಯಿರಿ. ಸಾಗರ ತಲುಪುವುದು ಎರಡು ನಿಮಿಷ ತಡವಾಗುತ್ತದೆ, ಅಷ್ಟೇ.

ಕೊನೆಯ ಹತ್ತು ಗಂಟೆಗೆ ನಾಲ್ಕು ಅಥವಾ ಆರು ಲೇನ್‌ನ ರಸ್ತೆ ಬೇಕು. ಹೊನ್ನಾಳಿ ಮೇಲೆ ದಾವಣಗೆರೆಗೆ ಹೋಗಿ, ಅಲ್ಲಿಂದ ಚಿತ್ರದುರ್ಗದ ಕಡೆ ರಾಷ್ಟ್ರೀಯ ಹೆದ್ದಾರಿ 48 ಹಿಡಿಯಿರಿ. ವೇಗದ ಆಸೆಗೆ ಬೀಳಬೇಡಿ. ಮಧ್ಯೆ ವಿಭಜಕ ಇರುವ ನಾಲ್ಕು ಲೇನ್ ರಸ್ತೆಗೆ 2018ರ ಅಧಿಸೂಚನೆಯ ಪ್ರಕಾರ ಕಾರಿಗೆ ಗರಿಷ್ಠ 100, ಬೋರ್ಡ್‌ನಲ್ಲಿ ಕಡಿಮೆ ಬರೆದಿದ್ದರೆ ಅಷ್ಟೇ. ಇಲ್ಲಿ ಅಭ್ಯಾಸ ಲೇನ್‌ನದ್ದು. ಎಡಗಡೆಯಲ್ಲೇ ಹೋಗಿ, ದಾಟಲು ಮಾತ್ರ ಬಲಕ್ಕೆ ಬನ್ನಿ, ದಾಟಿದ ಮೇಲೆ ವಾಪಸ್ ಎಡಕ್ಕೆ. ಲಾರಿಗಳು ಬಲ ಲೇನ್‌ನಲ್ಲೇ ನಿಧಾನ ಹೋಗುತ್ತಿರುತ್ತವೆ, ಎಡಗಡೆಯಿಂದ ದಾಟುವ ಆಸೆ ಬರುತ್ತದೆ. ತಡೆದುಕೊಳ್ಳುವುದೇ ಅಭ್ಯಾಸ.

ಹಂತ 5: ಅಲ್ಲಿ ಮೊದಲ ಸಲ ಹೈವೇ ಹತ್ತುವುದು

ನಮ್ಮವರು ಅತಿ ಹೆಚ್ಚು ತಡಬಡಾಯಿಸುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಅಲ್ಲಿ ಹೈವೇಗೆ ಅಡ್ಡರಸ್ತೆಯಿಂದ ನೇರ ನುಗ್ಗಲು ಆಗುವುದಿಲ್ಲ. ಹೈವೇ ಪಕ್ಕದಲ್ಲೇ ಒಂದಷ್ಟು ದೂರ ಜೊತೆಗೆ ಓಡುವ ಲೇನ್ ಇರುತ್ತದೆ. ಬ್ರಿಟನ್‌ನಲ್ಲಿ ಇದಕ್ಕೆ ಸೇರುವ ದಾರಿಯನ್ನು ಸ್ಲಿಪ್ ರೋಡ್ ಅನ್ನುತ್ತಾರೆ, ಅಮೆರಿಕದಲ್ಲಿ ಆನ್ ರ‍್ಯಾಂಪ್. ಈ ಲೇನ್ ಇರುವುದೇ ನೀವು ಹೈವೇಯ ವೇಗಕ್ಕೆ ಬರಲಿ ಅಂತ. ನಾವು ಮಾಡುವುದು ಉಲ್ಟಾ. ತುಮಕೂರು ರಸ್ತೆಗೆ ಸರ್ವೀಸ್ ರೋಡಿನಿಂದ ಸೇರುವ ಹಾಗೆ 40ರಲ್ಲಿ ಮೂತಿ ತೂರಿಸುತ್ತೇವೆ, ಹಿಂದಿನವರು ಬ್ರೇಕ್ ಹಾಕುತ್ತಾರೆ ಅಂತ. ಅಲ್ಲಿ ಹಿಂದಿನಿಂದ ಬರುವವರು 120ರಲ್ಲಿರುತ್ತಾರೆ, ಮತ್ತು ಆದ್ಯತೆ ಅವರದ್ದು.

ಸರಿಯಾದ ಕ್ರಮ ಹೀಗಿದೆ. ಲೇನ್‌ಗೆ ಬಂದ ತಕ್ಷಣ ಇಂಡಿಕೇಟರ್ ಹಾಕಿ. ಧೈರ್ಯವಾಗಿ ಆಕ್ಸಿಲರೇಟರ್ ಒತ್ತಿ, ಪಕ್ಕದ ಲೇನ್‌ನ ವೇಗಕ್ಕೆ ಬನ್ನಿ. ವೇಗ ಏರುತ್ತಿರುವಾಗಲೇ ಕನ್ನಡಿಯಲ್ಲಿ ಒಂದು ಖಾಲಿ ಜಾಗ ಆರಿಸಿ. ಭುಜದ ಮೇಲಿಂದ ಒಂದು ನೋಟ. ಆ ಜಾಗಕ್ಕೆ ಮೆಲ್ಲಗೆ ಸೇರಿಕೊಳ್ಳಿ. ಲೇನ್‌ನ ಕೊನೆಗೆ ಹೋಗಿ ನಿಂತುಬಿಡುವುದು ದೊಡ್ಡ ತಪ್ಪು, ಯಾಕೆಂದರೆ ನಿಂತ ಜಾಗದಿಂದ 120ರ ಹರಿವಿಗೆ ಸೇರಲು ಯಾವ ಕಾರಿಗೂ ಕಷ್ಟ. ಜಾಗ ಸಿಗುವುದಿಲ್ಲ ಅನ್ನಿಸಿದರೆ ಲೇನ್ ಶುರುವಾಗುವ ಮುಂಚೆಯೇ ಸ್ವಲ್ಪ ನಿಧಾನ ಮಾಡಿ, ಓಡಲು ಜಾಗ ಉಳಿಸಿಕೊಳ್ಳಿ.

ಇಳಿಯುವಾಗ ಇದೇ ಉಲ್ಟಾ. ಹೈವೇ ಮೇಲೆ ಬ್ರೇಕ್ ಹಾಕಬೇಡಿ, ಇಳಿಯುವ ಲೇನ್‌ಗೆ ಪೂರ್ತಿ ಬಂದ ಮೇಲೆ ಹಾಕಿ. ತಿರುವು ತಪ್ಪಿಹೋಯಿತಾ? ಮುಂದಿನದರಲ್ಲಿ ಇಳಿಯಿರಿ. ನಮ್ಮಲ್ಲಿ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು ತಿರುಗಿಸುತ್ತೇವೆ ಅಲ್ವಾ, ಅದನ್ನು ಅಲ್ಲಿ ಕನಸಿನಲ್ಲೂ ಮಾಡಬೇಡಿ. ಹೈವೇಯಲ್ಲಿ ರಿವರ್ಸ್ ಹೋದರೆ ಪ್ರಾಣಕ್ಕೇ ಸಂಚಕಾರ.

ಹಂತ 6: ಲೇನ್ ಶಿಸ್ತು, ದೇಶಕ್ಕೊಂದು

ಆಟೋಬಾನ್‌ನ ಕೆಲವು ಭಾಗಗಳಲ್ಲಿ ವೇಗದ ಮಿತಿ ಇಲ್ಲ, ನಿಜ. ಆದರೆ 130 ಅನ್ನುವುದು ಸಲಹಾ ವೇಗ, ಅದಕ್ಕಿಂತ ಜಾಸ್ತಿ ಹೋಗಿ ಅಪಘಾತವಾದರೆ ನಿಮ್ಮ ಮೇಲೂ ಹೊಣೆ ಬರಬಹುದು. ಜರ್ಮನಿ, ಅಮೆರಿಕದಲ್ಲಿ ಓಟ ಬಲಗಡೆ, ನಮ್ಮದಕ್ಕೆ ಉಲ್ಟಾ. ಆಟೋಬಾನ್‌ನ ಇಡೀ ವ್ಯವಸ್ಥೆ ನಿಂತಿರುವುದು ಎರಡು ನಿಯಮದ ಮೇಲೆ: ದಾಟದೇ ಇದ್ದಾಗ ಬಲಗಡೆ ಇರಿ, ಬಲಗಡೆಯಿಂದ ದಾಟಬೇಡಿ. ನೀವು 100ರಲ್ಲಿ ಲಾರಿ ದಾಟಲು ಎಡಕ್ಕೆ ಬರುತ್ತೀರಿ ಅಂದುಕೊಳ್ಳಿ. ಹಿಂದೆ ದೂರದಲ್ಲಿ ಸಣ್ಣ ಚುಕ್ಕಿಯಂತೆ ಒಂದು ಕಾರು. ಅದು 180ರಲ್ಲಿದ್ದರೆ ಐದು ಸೆಕೆಂಡಿನಲ್ಲಿ ನಿಮಗೆ 110 ಮೀಟರ್ ಹತ್ತಿರ ಬಂದಿರುತ್ತದೆ. ಅದಕ್ಕೇ ಕನ್ನಡಿಯನ್ನು ಒಂದು ಸಲ ನೋಡಿದರೆ ಸಾಲದು. ಎರಡು ಸಲ ನೋಡಿ, ಮಧ್ಯೆ ಒಂದು ಸೆಕೆಂಡ್ ಬಿಟ್ಟು. ಚುಕ್ಕಿ ಎಷ್ಟು ಬೆಳೆಯಿತು ಅನ್ನುವುದೇ ಅದರ ವೇಗ.

ಬ್ರಿಟನ್‌ನಲ್ಲಿ ಎಡಗಡೆ ಓಟ, ನಮ್ಮ ಹಾಗೆ. ಮಿತಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್. ಎಡ ಲೇನ್ ಖಾಲಿ ಇದ್ದೂ ಸುಮ್ನೆ ಮಧ್ಯದ ಲೇನ್‌ನಲ್ಲಿ ಕೂತರೆ ಪೊಲೀಸರು ದಂಡ ಹಾಕಬಹುದು. ಅಮೆರಿಕದಲ್ಲಿ ನಿಧಾನದವರು ಬಲಗಡೆ ಇರಬೇಕು, ಆದರೆ ಬಹು ಲೇನ್‌ಗಳಲ್ಲಿ ಜನ ಎರಡೂ ಕಡೆಯಿಂದ ದಾಟುತ್ತಾರೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದವರು ಇದಕ್ಕೆ ಹೆದರುತ್ತಾರೆ, ದಾವಣಗೆರೆ ರಸ್ತೆ ನೋಡಿದ ನಮಗೆ ಹೊಸದೇನಲ್ಲ.

ಅಮೆರಿಕದ ಎರಡು ವಿಷಯ ಬೇರೆಯಾಗಿ ನೆನಪಿಡಿ. ಸ್ಟಾಪ್ ಬೋರ್ಡ್ ಇದ್ದರೆ ಚಕ್ರ ಪೂರ್ತಿ ನಿಲ್ಲಬೇಕು, ರಸ್ತೆ ಖಾಲಿ ಇದ್ದರೂ. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಒಟ್ಟಿಗೆ ಬಂದರೆ ಬಲಗಡೆಯವರಿಗೆ ಆದ್ಯತೆ. ಮತ್ತೆ ಹಳದಿ ಶಾಲಾ ಬಸ್ ಕೆಂಪು ದೀಪ ಮಿನುಗಿಸಿ ನಿಂತಿದ್ದರೆ, ವಿಭಜಕ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು.

ಹಂತ 7: ಬಲಗಡೆ ಓಟಕ್ಕೆ ಒಗ್ಗಿಕೊಳ್ಳುವುದು

ಇದಕ್ಕೆ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ. ಹೈವೇಯಲ್ಲಿ ಇದು ಸಮಸ್ಯೆಯೇ ಅಲ್ಲ, ಎಲ್ಲರೂ ಒಂದೇ ಕಡೆ ಹೋಗುತ್ತಿರುತ್ತಾರೆ. ತಪ್ಪುವುದು ಖಾಲಿ ರಸ್ತೆಯಲ್ಲಿ: ಬೆಳಿಗ್ಗೆ ಪಾರ್ಕಿಂಗ್‌ನಿಂದ ಹೊರಬರುವಾಗ, ಪೆಟ್ರೋಲ್ ಬಂಕ್‌ನಿಂದ ತಿರುಗುವಾಗ, ಎಡಕ್ಕೆ ತಿರುಗಿದ ಮೇಲೆ. ಒಂದೇ ಗುರುತು ಸಾಕು. ಡ್ರೈವರ್ ಸೀಟು ಯಾವತ್ತೂ ರಸ್ತೆಯ ಮಧ್ಯದ ಗೆರೆಯ ಕಡೆ ಇರಬೇಕು. ನೀವು ಕೂತ ಕಡೆ ರಸ್ತೆಯ ಅಂಚು ಬಂದರೆ ತಪ್ಪು ಕಡೆ ಇದ್ದೀರಿ. ಮೊದಲ ವಾರ ಆಟೋಮ್ಯಾಟಿಕ್ ಗೇರ್‌ನ ಕಾರು ತೆಗೆದುಕೊಳ್ಳಿ, ಬಲಗೈಯಲ್ಲಿ ಗೇರ್ ಹಾಕುವ ತಲೆನೋವು ಒಂದು ಕಡಿಮೆಯಾಗುತ್ತದೆ.

ರಸ್ತೆ ದಾಟುವಾಗಲೂ ಹುಷಾರು. ನಾವು ಮೊದಲು ಬಲಕ್ಕೆ ನೋಡಿ ಬೆಳೆದವರು, ಅಲ್ಲಿ ಗಾಡಿ ಮೊದಲು ಎಡದಿಂದ ಬರುತ್ತದೆ.

ಹಂತ 8: ದೀಪದ ಭಾಷೆ, ಕೆಟ್ಟು ನಿಂತಾಗ

ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ, ನಾನು ಬರುತ್ತಿದ್ದೇನೆ, ನೀನು ನಿಲ್ಲು ಅಂತ. ಬ್ರಿಟನ್, ಜರ್ಮನಿಯಲ್ಲಿ ಅದೇ ಮಿನುಗಿಗೆ ಜನ ಹೆಚ್ಚಾಗಿ, ನೀವು ಹೋಗಿ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಪೂರ್ತಿ ವಿರುದ್ಧ. ಹಾಗಾಗಿ ನೀವು ಯಾರಿಗೂ ಮಿನುಗಿಸಬೇಡಿ, ಯಾರಾದರೂ ನಿಮಗೆ ಮಿನುಗಿಸಿದರೆ ಅವರು ನಿಜವಾಗಿ ನಿಧಾನ ಮಾಡಿದ್ದಾರಾ ಅಂತ ನೋಡಿ ಹೊರಡಿ.

ಹಜಾರ್ಡ್ ದೀಪ, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು, ನಮ್ಮಲ್ಲಿ ಸರ್ಕಲ್‌ನಲ್ಲಿ ನೇರ ಹೋಗಲು ಹಾಕುತ್ತಾರೆ. ಅದು ಇಲ್ಲೂ ತಪ್ಪೇ. ಆಟೋಬಾನ್‌ನಲ್ಲಿ ಮುಂದೆ ಇದ್ದಕ್ಕಿದ್ದಂತೆ ಟ್ರಾಫಿಕ್ ನಿಂತಿದ್ದರೆ ಹಿಂದಿನವರಿಗೆ ಎಚ್ಚರಿಸಲು ಹಾಕುತ್ತಾರೆ.

ಹಾಗೆ ಟ್ರಾಫಿಕ್ ನಿಂತಾಗ ಜರ್ಮನಿಯಲ್ಲಿ ರೆಟುಂಗ್ಸ್‌ಗಾಸೆ ಮಾಡಬೇಕು, ಅಂದರೆ ಆಂಬುಲೆನ್ಸ್‌ಗೆ ದಾರಿ. ಸೈರನ್ ಕೇಳಿದ ಮೇಲಲ್ಲ, ವಾಹನಗಳು ತೆವಳಲು ಶುರುವಾದ ಕೂಡಲೇ. ತೀರಾ ಎಡ ಲೇನ್‌ನವರು ಎಡಕ್ಕೆ ಒತ್ತುತ್ತಾರೆ, ಉಳಿದವರೆಲ್ಲ ಬಲಕ್ಕೆ. ಮಧ್ಯೆ ದಾರಿ ತೆರೆದುಕೊಳ್ಳುತ್ತದೆ. ಮಾಡದಿದ್ದರೆ ಕನಿಷ್ಠ 200 ಯೂರೋ ದಂಡ. ಒಂದು ಸಲ ಇದನ್ನು ಕಣ್ಣಾರೆ ಕಂಡರೆ ನಮ್ಮ ಊರಿನ ಆಂಬುಲೆನ್ಸ್‌ಗಳು ನೆನಪಾಗಿ ಹೊಟ್ಟೆ ತೊಳಸುತ್ತದೆ.

ಕಾರು ಕೆಟ್ಟರೆ ಪಕ್ಕದ ತುರ್ತು ಲೇನ್‌ಗೆ ತನ್ನಿ, ಹಜಾರ್ಡ್ ಹಾಕಿ, ಹೊಳೆಯುವ ಜಾಕೆಟ್ ಧರಿಸಿ, ಟ್ರಾಫಿಕ್ ಇಲ್ಲದ ಕಡೆಯ ಬಾಗಿಲಿನಿಂದ ಇಳಿದು ಕಬ್ಬಿಣದ ಬೇಲಿಯ ಆಚೆ ನಿಲ್ಲಿ. ಕಾರಿನೊಳಗೆ ಕೂರಬೇಡಿ. ತ್ರಿಕೋನದ ವಿಷಯದಲ್ಲಿ ದೇಶಕ್ಕೊಂದು ಕ್ರಮ: ಜರ್ಮನಿಯಲ್ಲಿ ಇಡಬೇಕು, ಬ್ರಿಟನ್‌ನ ಮೋಟರ್‌ವೇಯಲ್ಲಿ ಇಡಲು ಹೋಗಲೇಬಾರದು. ಇನ್ನೊಂದು, ಆಟೋಬಾನ್‌ನಲ್ಲಿ ಪೆಟ್ರೋಲ್ ಮುಗಿದು ನಿಂತರೆ ಅದಕ್ಕೂ ದಂಡ ಬೀಳಬಹುದು.

ಅಮೆರಿಕದಲ್ಲಿ ಪೊಲೀಸರು ಹಿಂದೆ ಬಂದು ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟೀರಿಂಗ್ ಮೇಲೆ ಇಟ್ಟು ಒಳಗೇ ಇರಿ. ನಮ್ಮಲ್ಲಿ ಮರ್ಯಾದೆಗೆ ಇಳಿದು ಹೋಗಿ ಮಾತಾಡುತ್ತೇವೆ. ಅಲ್ಲಿ ಹಾಗೆ ಇಳಿಯುವುದನ್ನು ಬೆದರಿಕೆ ಅಂತ ನೋಡುತ್ತಾರೆ.

ಹಂತ 9: ರಜೆಗೆ ಊರಿಗೆ ಬಂದಾಗ

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಎರಡು ವರ್ಷ ಹೊರಗಿದ್ದವರು ಬೆಂಗಳೂರಿನಲ್ಲಿ ವಿಮಾನ ಇಳಿದು, ಅದೇ ರಾತ್ರಿ ಕಾರು ತೆಗೆದುಕೊಂಡು ತಿಪಟೂರು, ಅರಸೀಕೆರೆ ಮೇಲೆ ಶಿವಮೊಗ್ಗಕ್ಕೆ ಹೊರಡುತ್ತಾರೆ. ಮಾಡಬೇಡಿ. ನಿದ್ದೆ ಇಲ್ಲ, ಕೈ ಇನ್ನೂ ಬಲಗಡೆ ಓಟದಲ್ಲಿದೆ, ಮತ್ತು ಲೇನ್‌ನಲ್ಲಿ ಎಲ್ಲರೂ ಶಿಸ್ತಾಗಿರುತ್ತಾರೆ ಅನ್ನುವ ನಂಬಿಕೆ ತಲೆಯಲ್ಲಿ ಕೂತಿದೆ. ದೀಪ ಇಲ್ಲದ ಟ್ರ್ಯಾಕ್ಟರ್, ಅಡ್ಡ ಬರುವ ದನ, ರಸ್ತೆ ಮೇಲೆ ಒಣಹಾಕಿದ ರಾಗಿ ಆ ನಂಬಿಕೆಗೆ ಸಿಗುವುದಿಲ್ಲ. ಬಸ್ಸಿನಲ್ಲೋ ರೈಲಿನಲ್ಲೋ ಬನ್ನಿ. ಎರಡು ದಿನ ಮಲಗಿ, ಆಮೇಲೆ ಊರೊಳಗೆ ಓಡಿಸಿ.

ಘಾಟಿಗೆ ಹೋಗುವಾಗ ಕಲಿತದ್ದನ್ನು ಜೊತೆಗೆ ತೆಗೆದುಕೊಂಡು ಹೋಗಿ. ಕಿರಿದಾದ ಕಡೆ ಏರುತ್ತಿರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ನಮ್ಮದೇ ನಿಯಮ. ಹುಲಿಕಲ್ ಇಳಿಯುವಾಗ ಎರಡನೇ ಗೇರ್‌ನಲ್ಲಿಡಿ, ಎಂಜಿನ್ನೇ ವೇಗವನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಎಂಜಿನ್ ಬ್ರೇಕಿಂಗ್ ಅನ್ನುತ್ತಾರೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಲ್ಲ ಭಾರ ಬ್ರೇಕ್ ಮೇಲೆ ಬಿದ್ದು, ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ತಿರುವಿನಲ್ಲಿ ಮಾತ್ರ ಹಾರ್ನ್ ಬೇಕೇ ಬೇಕು, ಅಲ್ಲಿ ಯಾವ ಕನ್ನಡಿಯೂ ಮುಂದಿನದನ್ನು ತೋರಿಸುವುದಿಲ್ಲ.

ಆಗುಂಬೆಯಲ್ಲಿ ಮಂಜು ಇಳಿದಾಗ ಹಜಾರ್ಡ್ ದೀಪ ಹಾಕಿಕೊಂಡು ಓಡಿಸುವವರನ್ನು ನೋಡುತ್ತೀರಿ. ನೀವು ಹಾಕಬೇಡಿ, ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದಿಲ್ಲ, ನಿಂತಿದ್ದೀರೋ ಓಡುತ್ತಿದ್ದೀರೋ ಅದೂ ತಿಳಿಯುವುದಿಲ್ಲ. ಹೆಡ್‌ಲೈಟ್ ಲೋ ಬೀಮ್‌ನಲ್ಲಿಡಿ, ಕಿಟಕಿ ಒಂದಿಷ್ಟು ಇಳಿಸಿ, ಎಡ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ. ಗೆರೆಯೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸುವ ಜಾಗ ನೋಡಿ ನಿಲ್ಲಿಸಿ, ಆಗ ಹಾಕಿ ಹಜಾರ್ಡ್. ಮಂಜು ಸರಿಯುವವರೆಗೆ ಕಾಯಿರಿ.